ದಾರಿಯಿಲ್ಲದ ಕಡೆ ನಡೆಯುವ ಯಂತ್ರಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಟೀಚರ್‌ಗೆ ರೋಬೋಟಿನ ವಿಷಯ ಯಾಕೆ ಬೇಕು ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಪಕ್ಕದವರ ಕಿವಿಯಲ್ಲಿ ಕೇಳಿರಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಕಾರಣ ನಾನು ಕೊಟ್ಟ ಒಂದು ತಪ್ಪು ಉತ್ತರ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ನೀವೆಲ್ಲ ನೋಡಿದ್ದೀರಿ. ಮರುದಿನ ತರಗತಿಯಲ್ಲಿ ಪಾಠ ನಡೆಯಲಿಲ್ಲ, ಬರೀ ಅದರದೇ ಮಾತು. ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ಪ್ರಗ್ಯಾನ್ ರೋವರ್ ಮುಂದೆ ಗುಂಡಿ ಬಂದರೆ ಅದು ತಾನಾಗಿ ನಿಲ್ಲುತ್ತದೋ, ಬೆಂಗಳೂರಿನಿಂದ ಯಾರಾದರೂ ನಿಲ್ಲಿಸಬೇಕೋ?" ನಾನು ಹಿಂದೆ ಮುಂದೆ ನೋಡದೆ, "ಅದಕ್ಕೆ ಬುದ್ಧಿ ಕೊಟ್ಟಿರುತ್ತಾರಮ್ಮ, ತಾನಾಗಿಯೇ ನಿಲ್ಲುತ್ತದೆ" ಎಂದುಬಿಟ್ಟೆ.

ಕೆಲವೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಆಗಸ್ಟ್ 27ರಂದು ಪ್ರಗ್ಯಾನ್ ಎದುರು ಸರಿಯಾಗಿ ಒಂದು ಗುಂಡಿಯೇ ಬಂದಿತ್ತು. 4 ಮೀಟರ್ ಅಗಲದ ಕುಳಿ, ರೋವರ್ ಇದ್ದ ಜಾಗದಿಂದ 3 ಮೀಟರ್ ಮುಂದೆ. ರೋವರ್ ಕಳಿಸಿದ ಚಿತ್ರಗಳನ್ನು ನೋಡಿದ ವಿಜ್ಞಾನಿಗಳು, ಬಂದ ದಾರಿಯಲ್ಲೇ ಹಿಂದಿರುಗುವಂತೆ ಇಲ್ಲಿಂದಲೇ ಆಜ್ಞೆ ಕೊಟ್ಟರು. ಅಂದರೆ ನನ್ನ ಉತ್ತರ ತಪ್ಪು. 26 ಕಿಲೋ ತೂಕದ, ಸೆಕೆಂಡಿಗೆ 1 ಸೆಂಟಿಮೀಟರ್ ಮಾತ್ರ ಸಾಗುವ ಆ ಪುಟ್ಟ ಗಾಡಿ ತನ್ನ ಎರಡು ಕ್ಯಾಮೆರಾ ಕಣ್ಣುಗಳಿಂದ ಚಿತ್ರ ತೆಗೆದು ಕಳಿಸುತ್ತಿತ್ತು. ಇಲ್ಲಿನವರು ಅದರಿಂದ ನೆಲದ ಏರಿಳಿತದ ನಕ್ಷೆ ಮಾಡಿ, ಒಂದು ಸಲಕ್ಕೆ ಸುಮಾರು 5 ಮೀಟರ್‌ನಷ್ಟು ದಾರಿ ಹೇಳಿಕೊಡುತ್ತಿದ್ದರು. ಹೀಗೆ ಹತ್ತಾರು ಸಲ ಕೈ ಹಿಡಿದು ನಡೆಸಿದ ಮೇಲೆ ಅದು ನೂರು ಮೀಟರ್ ದಾಟಿತು. ತರಗತಿಗೆ ಹೋಗಿ, "ನಾನು ಹೇಳಿದ್ದು ತಪ್ಪು, ನಿನ್ನ ಪ್ರಶ್ನೆ ಸರಿ" ಎಂದು ಹೇಳಬೇಕಾಯಿತು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಂತ್ರವೊಂದು ತಾನಾಗಿ ನಿಲ್ಲುವುದು, ತಾನಾಗಿ ತಿರುಗುವುದು ಎಂದರೆ ಏನು? ಅದು ಯಾಕೆ ಅಷ್ಟು ಕಷ್ಟ? ಈ ಒಂದೆರಡು ವರ್ಷ ಓದಿ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪದದ ವಿಚಾರ. ಭಾಷಾ ಟೀಚರ್ ಅಲ್ಲವೇ, ಅದನ್ನು ಬಿಡುವಂತಿಲ್ಲ. ತಾನಾಗಿ ನಡೆಯುವ ಯಂತ್ರಕ್ಕೆ ಕನ್ನಡದಲ್ಲಿ 'ಸ್ವಾಯತ್ತ' ಎನ್ನುತ್ತಾರೆ. ಸ್ವಾಯತ್ತ ಎಂದ ಕೂಡಲೇ ನಮಗೆ ನೆನಪಾಗುವುದು ಸ್ವಾಯತ್ತ ಕಾಲೇಜು. ಅದರ ತಲೆಯ ಮೇಲೆ ವಿಶ್ವವಿದ್ಯಾಲಯ ಇದ್ದೇ ಇರುತ್ತದೆ! ಉರ್ದುವಿನಲ್ಲಿ 'ಖುದ್‌ಮುಖ್ತಾರ್' ಎನ್ನುತ್ತೇವೆ. ಈ ಮುಖ್ತಾರ್ ಪದ ಕನ್ನಡಕ್ಕೂ ಬಂದಿದೆ. ಜಮೀನಿನ ವ್ಯವಹಾರ ನೋಡಿದ ಹಿರಿಯರಿಗೆ 'ಮುಖ್ತ್ಯಾರ್ ಪತ್ರ' ಗೊತ್ತಿರುತ್ತದೆ. ನಾನು ಹೋಗಲಾಗದ ಕಡೆ ನನ್ನ ಪರವಾಗಿ ನೀನು ಹೋಗು, ಇಷ್ಟರ ಮಟ್ಟಿಗೆ ನಿನ್ನ ತೀರ್ಮಾನವೇ ನನ್ನ ತೀರ್ಮಾನ ಎಂದು ಬರೆದುಕೊಡುವ ಕಾಗದ ಅದು. ನನಗೆ ಈ ಅರ್ಥವೇ ಹೆಚ್ಚು ಸರಿ ಎನಿಸುತ್ತದೆ. ರೋಬೋಟ್ ನಮ್ಮ ಮುಖ್ತಾರ. ಅದಕ್ಕೆ ಎಷ್ಟು ಅಧಿಕಾರ ಬರೆದುಕೊಡಬೇಕು ಎನ್ನುವುದೇ ಇಡೀ ಕಥೆ.

ಕಾರ್ಖಾನೆಯ ಒಳಗೆ ರೋಬೋಟ್ ಕೆಲಸ ಮಾಡುವುದು ಹೊಸದೇನಲ್ಲ. ಅಲ್ಲಿ ನೆಲ ಸಮತಟ್ಟು, ಬೆಳಕು ದಿನವಿಡೀ ಒಂದೇ ರೀತಿ, ಬರುವ ವಸ್ತು ಯಾವುದೆಂದು ಮೊದಲೇ ಗೊತ್ತು. ಹೊರಗೆ ಬಂದರೆ ಇದ್ಯಾವುದೂ ಇಲ್ಲ. ಬೆಳಿಗ್ಗೆ ಕಂಡ ಬಂಡೆ ಮಧ್ಯಾಹ್ನ ಬೇರೆಯಾಗಿ ಕಾಣುತ್ತದೆ. ಮರದ ನೆರಳು ಹಳ್ಳದಂತೆ ಕಾಣುತ್ತದೆ. ಒಣಹುಲ್ಲಿನ ಗುಡ್ಡೆಯನ್ನು ತುಳಿದು ಹೋಗಬಹುದು, ಅಷ್ಟೇ ಎತ್ತರದ ಕಲ್ಲನ್ನು ತುಳಿಯಲಾಗದು. ಆದರೆ ಯಂತ್ರದ ಕಣ್ಣಿಗೆ ಎರಡೂ ಒಂದೇ ಎತ್ತರದ ಅಡ್ಡಿ. ಧೂಳೆದ್ದರೆ ಅದೂ ಒಂದು ಗೋಡೆ. ನಮ್ಮ ಊರಿನ ಎತ್ತಿಗೆ ಇದೆಲ್ಲ ಯಾರೂ ಕಲಿಸಬೇಕಾಗಿಲ್ಲ. ಯಂತ್ರಕ್ಕೆ ಪ್ರತಿಯೊಂದನ್ನೂ ಕಲಿಸಬೇಕು.

ಹಾಗಿದ್ದರೂ ಮನುಷ್ಯ ಯಂತ್ರವನ್ನು ಹೊರಗೆ ಕಳಿಸಲು ಹೊರಟದ್ದು ಯಾಕೆ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಲಿಯಂ ವಿಟೇಕರ್ ಎಂಬ ಇಂಜಿನಿಯರ್ ಅವರ ಜೀವನ ನೋಡಿದರೆ ಅದಕ್ಕೆ ಉತ್ತರ ಸಿಗುತ್ತದೆ. 1979ರಲ್ಲಿ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ಮನುಷ್ಯ ಕಾಲಿಡಲಾಗದಷ್ಟು ವಿಕಿರಣ ತುಂಬಿದ್ದ ಅದರ ನೆಲಮಾಳಿಗೆಗೆ 1980ರ ದಶಕದಲ್ಲಿ ವಿಟೇಕರ್ ತಂಡ ಮಾಡಿದ ಯಂತ್ರಗಳು ಇಳಿದವು. ಆಮೇಲೆ ಜ್ವಾಲಾಮುಖಿ. 1993ರ ಒಂದೇ ವರ್ಷದಲ್ಲಿ, ಎರಡು ಬೇರೆ ಬೇರೆ ಸ್ಫೋಟಗಳಲ್ಲಿ 8 ಮಂದಿ ಜ್ವಾಲಾಮುಖಿ ವಿಜ್ಞಾನಿಗಳು ಸತ್ತರು. ಮುಂದಿನ ಸ್ಫೋಟ ಯಾವಾಗ ಎಂದು ತಿಳಿಯಲು ಕುಳಿಯೊಳಗಿನ ಅನಿಲವನ್ನು ಪರೀಕ್ಷಿಸಲು ಹೋದವರು ಅವರು. ಊರಿನ ಜನರನ್ನು ಉಳಿಸುವ ಕೆಲಸದಲ್ಲಿ ಅವರ ಪ್ರಾಣವೇ ಹೋಯಿತು.

ವಿಟೇಕರ್ ಅವರ ವಿಶ್ವವಿದ್ಯಾಲಯದವರು ಇಂಥ ಕೆಲಸಕ್ಕೆಂದೇ ಎಂಟು ಕಾಲಿನ ಒಂದು ಯಂತ್ರ ಮಾಡಿದ್ದರು, ಹೆಸರು ಡಾಂಟೆ. ಮೊದಲನೆಯ ಡಾಂಟೆಯನ್ನು ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಒಯ್ದರು. ಕುಳಿಯೊಳಗೆ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಸಂದೇಶ ಸಾಗಿಸುವ ತಂತಿ ತುಂಡಾಯಿತು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ವಾಪಸು! ಎರಡನೆಯ ಡಾಂಟೆ 1994ರ ಬೇಸಿಗೆಯಲ್ಲಿ ಅಲಾಸ್ಕಾದ ಮೌಂಟ್ ಸ್ಪರ್ ಕುಳಿಗೆ ಇಳಿಯಿತು. ಮೇಲಿನಿಂದ ಉರುಳಿದ ಬಂಡೆ ಅದರ ಒಂದು ಕಾಲನ್ನು ಮುರಿಯಿತು. ಉಳಿದ ಏಳು ಕಾಲಲ್ಲೇ ಕುಂಟುತ್ತ ತಳ ಮುಟ್ಟಿ ಅನಿಲದ ಲೆಕ್ಕ ಕಳಿಸಿತು. ಹಿಂದಿರುಗಿ ಹತ್ತುವಾಗ ಕೆಸರಿನ ಇಳಿಜಾರಿನಲ್ಲಿ ಪಕ್ಕಕ್ಕೆ ಉರುಳಿ ಬಿತ್ತು. ಕೊನೆಗೆ ಹೆಲಿಕಾಪ್ಟರ್ ತರಿಸಿ ಎತ್ತಬೇಕಾಯಿತು. ಇದು ಗೆಲುವೋ ಸೋಲೋ ಎಂದು ನೀವು ಕೇಳಬಹುದು. ಆ ಕುಳಿಯಲ್ಲಿ ಮನುಷ್ಯನ ಕಾಲು ಮುರಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗಂತೂ ಉತ್ತರ ಸಿಕ್ಕಿದೆ.

ಈಗ ಮರಳುಗಾಡಿಗೆ ಬರೋಣ. ನನಗೆ ಹೆಚ್ಚು ಇಷ್ಟವಾದ ಕಥೆ ಇದೇ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಪಂದ್ಯ ಹೂಡಿತು. ಚಾಲಕನಿಲ್ಲದ ವಾಹನ ಮೊಹಾವಿ ಮರುಭೂಮಿಯಲ್ಲಿ ಸುಮಾರು 230 ಕಿಲೋಮೀಟರ್ ಹೋಗಬೇಕು. ಒಳಗೆ ಮನುಷ್ಯ ಇರಬಾರದು, ಹೊರಗಿನಿಂದ ರಿಮೋಟ್‌ನಲ್ಲಿ ನಡೆಸಬಾರದು. ಗೆದ್ದವರಿಗೆ 10 ಲಕ್ಷ ಡಾಲರ್. 2004ರ ಮಾರ್ಚ್ 13ರಂದು ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಊರಿನಲ್ಲಿ 15 ವಾಹನಗಳು ಸಾಲಾಗಿ ನಿಂತವು. ಕೆಲವು ಹೊರಟ ಕೂಡಲೇ ಬೇಲಿಗೋ ಗೋಡೆಗೋ ಗುದ್ದಿ ನಿಂತವು. ಎಲ್ಲರಿಗಿಂತ ದೂರ ಹೋದದ್ದು ವಿಟೇಕರ್ ತಂಡದ 'ಸ್ಯಾಂಡ್‌ಸ್ಟಾರ್ಮ್', ಸೈನ್ಯದ ಹಳೆಯ ಹಮ್ವಿ ಜೀಪು. ಎಷ್ಟು ದೂರ? 12 ಕಿಲೋಮೀಟರ್. ಗುಡ್ಡದ ಒಂದು ತಿರುವಿನಲ್ಲಿ ಚಕ್ರ ಅಂಚಿನಿಂದ ಜಾರಿತು, ಗಾಡಿಯ ಹೊಟ್ಟೆ ಮಣ್ಣಿನ ದಿಬ್ಬದ ಮೇಲೆ ಕುಳಿತುಬಿಟ್ಟಿತು. ಚಕ್ರಗಳು ಇದ್ದಲ್ಲೇ ಗಿರಗಿರನೆ ತಿರುಗಿ ಟಯರಿನಿಂದ ಹೊಗೆ ಎದ್ದಿತು. ಬಹುಮಾನ ಯಾರಿಗೂ ಹೋಗಲಿಲ್ಲ.

ಡಾರ್ಪಾ ಬಹುಮಾನವನ್ನು 20 ಲಕ್ಷ ಡಾಲರಿಗೆ ಏರಿಸಿ ಮತ್ತೆ ಕರೆಯಿತು. 2005ರ ಅಕ್ಟೋಬರ್ 8ರಂದು 23 ವಾಹನಗಳು ಹೊರಟವು, ದಾರಿ 212 ಕಿಲೋಮೀಟರ್. ಈ ಸಲ ಒಂದೇ ಒಂದು ಬಿಟ್ಟು ಉಳಿದ 22 ವಾಹನಗಳೂ ಹಿಂದಿನ ವರ್ಷದ ಆ 12 ಕಿಲೋಮೀಟರ್ ಗಡಿ ದಾಟಿದವು. 5 ವಾಹನಗಳು ಗುರಿ ಮುಟ್ಟಿದವು. ನಡುವೆ ಇದ್ದದ್ದು ಬರೀ 19 ತಿಂಗಳು. ಅಷ್ಟರಲ್ಲಿ ಏನಾಯಿತು?

ಗೆದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ', ಫೋಕ್ಸ್‌ವ್ಯಾಗನ್ ಟುವಾರೆಗ್ ಕಾರು. ತಂಡದ ಮುಖಂಡ ಸೆಬಾಸ್ಟಿಯನ್ ತ್ರುನ್. ಹಿಂದೆ ಅವರೂ ಕಾರ್ನೆಗಿ ಮೆಲನ್‌ನಲ್ಲೇ ಇದ್ದವರು. ಕಾರಿನ ತಲೆಯ ಮೇಲೆ 5 ಲೇಸರ್ ಉಪಕರಣಗಳು. ಲೇಸರ್ ಕಿರಣ ಬಿಟ್ಟು, ಅದು ಎದುರಿನ ವಸ್ತುವಿಗೆ ತಾಗಿ ಮರಳುವ ಹೊತ್ತನ್ನು ಅಳೆದು ದೂರ ತಿಳಿಯುತ್ತದೆ. ಕೇಳಲು ಸುಲಭ. ಆದರೆ ಗಾಡಿ ಕಲ್ಲಿನ ಮೇಲೆ ಕುಲುಕುತ್ತಿರುತ್ತದಲ್ಲ? ಗಣಿತ ಬಲ್ಲ ಮಕ್ಕಳು ಲೆಕ್ಕ ಹಾಕಿ ನೋಡಿ: ಗಾಡಿಯ ಮೂತಿ ಎಷ್ಟು ಬಾಗಿದೆ ಎನ್ನುವುದರಲ್ಲಿ ಕೇವಲ 1 ಡಿಗ್ರಿ ತಪ್ಪಾದರೆ, 25 ಮೀಟರ್ ದೂರದಲ್ಲಿ ನೆಲದ ಎತ್ತರ 40 ಸೆಂಟಿಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಅಂದರೆ ಏನೂ ಇಲ್ಲದ ಬಯಲಿನಲ್ಲಿ ಮೊಣಕಾಲೆತ್ತರದ ಗೋಡೆ ಕಾಣಿಸುತ್ತದೆ! ಇಲ್ಲದ ಗೋಡೆಗೆ ಹೆದರಿ ಸ್ಟಿಯರಿಂಗ್ ತಿರುಗಿಸಿದರೆ ನಿಜವಾದ ಹಳ್ಳಕ್ಕೆ ಬೀಳುವುದು ಖಂಡಿತ.

ಇದಕ್ಕೆ ತ್ರುನ್ ತಂಡ ಮಾಡಿದ ಉಪಾಯ ನಮ್ಮಂಥ ಶಿಕ್ಷಕರಿಗೆ ಕೂಡಲೇ ಅರ್ಥವಾಗುವಂಥದ್ದು. ನಿಯಮಗಳನ್ನೆಲ್ಲ ಕೂತು ಬರೆಯುವ ಬದಲು, ಒಬ್ಬ ಮನುಷ್ಯನನ್ನು ಕೂರಿಸಿ ಮರುಭೂಮಿಯಲ್ಲಿ ಕಾರು ಓಡಿಸಿದರು. ಚಕ್ರ ಉರುಳಿದ ನೆಲ ಎಲ್ಲ ಒಳ್ಳೆಯ ನೆಲ. ಅಲ್ಲಿ ಎಲ್ಲಾದರೂ ಯಂತ್ರಕ್ಕೆ ಗೋಡೆ ಕಂಡಿದ್ದರೆ ಅದು ಕಣ್ಣಿನ ತಪ್ಪು. ಹೀಗೆ ತನ್ನ ತಪ್ಪನ್ನು ತಾನೇ ಲೆಕ್ಕ ಹಾಕಿ, ತನ್ನ ಕಣ್ಣನ್ನು ಎಷ್ಟು ನಂಬಬೇಕು, ಎಷ್ಟು ನಂಬಬಾರದು ಎಂದು ಯಂತ್ರ ಕಲಿಯಿತು. ಮುಂದಿನ ಹೆಜ್ಜೆ ಇನ್ನೂ ಚಂದ. ಲೇಸರ್‌ಗೆ ಕಾಣುವುದು 25 ಮೀಟರ್‌ನ ಆಸುಪಾಸು ಮಾತ್ರ. ವೇಗವಾಗಿ ಹೋಗಲು ಅಷ್ಟು ಸಾಲದು. ಕ್ಯಾಮೆರಾಕ್ಕೆ ಸುಮಾರು 70 ಮೀಟರ್ ಕಾಣುತ್ತದೆ, ಆದರೆ ಅದಕ್ಕೆ ಬಣ್ಣ ಗೊತ್ತೇ ಹೊರತು ಎತ್ತರ ಗೊತ್ತಿಲ್ಲ. ಆದ್ದರಿಂದ ಲೇಸರನ್ನು ಉಸ್ತಾದ್ ಮಾಡಿದರು, ಕ್ಯಾಮೆರಾವನ್ನು ಶಾಗಿರ್ದ್ ಮಾಡಿದರು. ಹತ್ತಿರದ ಈ ನೆಲ ಗಟ್ಟಿ ಎಂದು ಲೇಸರ್ ಹೇಳುತ್ತದೆ. ಹಾಗಾದರೆ ದೂರದಲ್ಲಿ ಇದೇ ಬಣ್ಣ ಕಂಡರೆ ಅದೂ ದಾರಿಯೇ ಎಂದು ಕ್ಯಾಮೆರಾ ತಿಳಿಯುತ್ತದೆ. ಮಣ್ಣಿನ ಬಣ್ಣ ಬದಲಾದಂತೆ ಪಾಠವೂ ಬದಲಾಗುತ್ತದೆ, ಓಡುತ್ತಲೇ ಕಲಿಯುತ್ತದೆ. ಕೊನೆಯ ಭಾಗದಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತವಿರುವ ಇಕ್ಕಟ್ಟಾದ ಕಣಿವೆ ದಾರಿ ಇತ್ತು (ಅದರ ಹೆಸರು ಈ ಸಭೆಯಲ್ಲಿ ಹೇಳುವಂಥದ್ದಲ್ಲ, ಬಿಡಿ). ಅದನ್ನೂ ದಾಟಿ ಸ್ಟ್ಯಾನ್ಲಿ 6 ಗಂಟೆ 54 ನಿಮಿಷದಲ್ಲಿ ಗುರಿ ಮುಟ್ಟಿತು. ಸ್ಯಾಂಡ್‌ಸ್ಟಾರ್ಮ್ ಸುಮಾರು 11 ನಿಮಿಷ ತಡವಾಗಿ ಎರಡನೆಯದಾಗಿ ಬಂತು.

ನಾಲ್ಕನೆಯದಾಗಿ ಬಂದವರ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅದು ದೊಡ್ಡ ವಿಶ್ವವಿದ್ಯಾಲಯದ ತಂಡವಲ್ಲ. ಲೂಸಿಯಾನದ ಒಂದು ವಿಮಾ ಕಂಪನಿಯವರು ಕಟ್ಟಿದ ಗ್ರೇ ತಂಡ. ಪಂದ್ಯಕ್ಕೆ ಒಂದೂವರೆ ತಿಂಗಳೂ ಇಲ್ಲದಿರುವಾಗ, 2005ರ ಆಗಸ್ಟ್ ಕೊನೆಯಲ್ಲಿ, ಕತ್ರಿನಾ ಚಂಡಮಾರುತ ಅವರ ಊರಿಗೇ ಬಡಿಯಿತು. ಹಾಗಿದ್ದೂ ಬಂದರು, 7 ಗಂಟೆ 30 ನಿಮಿಷದಲ್ಲಿ ಮುಗಿಸಿದರು. ಐದನೆಯದು ಭಾರೀ ಲಾರಿ, ಟೆರಾಮ್ಯಾಕ್ಸ್; ರಾತ್ರಿಯೆಲ್ಲ ನಿಲ್ಲಿಸಿಟ್ಟು ಮರುದಿನ ಗುರಿ ಸೇರಿತು, ಆದರೆ 10 ಗಂಟೆಯ ಗಡುವು ಮೀರಿತ್ತು.

ಇನ್ನು ಮೂರನೆಯದಾಗಿ ಬಂದ 'ಹೈಲ್ಯಾಂಡರ್'. ಇದೂ ವಿಟೇಕರ್ ಅವರದೇ ಎರಡನೆಯ ವಾಹನ. ಆ ದಿನ ಎಲ್ಲರಿಗಿಂತ ಮುಂದೆ ಹೊರಟದ್ದು ಅದೇ, ಗೆಲ್ಲುತ್ತದೆ ಎಂದು ಬಹಳ ಜನ ನಂಬಿದ್ದದ್ದೂ ಅದನ್ನೇ. ದಾರಿಯಲ್ಲಿ ಇಂಜಿನಿಗೆ ಏನೋ ಆಯಿತು, ಏರಿನಲ್ಲಿ ದಮ್ಮು ಸಾಲದಂತಾಯಿತು, ಸ್ಟ್ಯಾನ್ಲಿ ಹಿಂದಿನಿಂದ ಬಂದು ದಾಟಿಹೋಯಿತು. ಕಂಪ್ಯೂಟರ್ ಸರಿ ಇತ್ತು, ಲೇಸರ್ ಸರಿ ಇತ್ತು, ದಾರಿಯ ಲೆಕ್ಕ ಸರಿ ಇತ್ತು. ಮತ್ತೆ ಏನು ಕೆಟ್ಟಿತು? 12 ವರ್ಷ ಯಾರಿಗೂ ಗೊತ್ತಾಗಲಿಲ್ಲ. 2017ರಲ್ಲಿ ಆ ಹಳೆಯ ಗಾಡಿಯನ್ನು ಮತ್ತೆ ಹೊರತೆಗೆದು ನೋಡುತ್ತಿದ್ದಾಗ, ಇಂಜಿನ್ ಹತ್ತಿರದ ಒಂದು ಚಿಕ್ಕ ವಿದ್ಯುತ್ ಫಿಲ್ಟರ್‌ಗೆ ಒತ್ತಡ ಬಿದ್ದರೆ ಇಂಜಿನಿನ ಶಕ್ತಿ ಕುಗ್ಗುತ್ತದೆ ಎಂದು ತಿಳಿಯಿತು. ಪಂದ್ಯಕ್ಕೆ ಕೆಲವೇ ವಾರ ಮುಂಚೆ ಆ ಗಾಡಿ ಪರೀಕ್ಷೆಯ ವೇಳೆ ಮಗುಚಿ ಬಿದ್ದಿತ್ತು. 20 ಲಕ್ಷ ಡಾಲರ್ ಆ ಫಿಲ್ಟರಿನಲ್ಲಿ ಸಿಕ್ಕಿಕೊಂಡಿತ್ತು ಎನ್ನಿ. ರೋಬೋಟ್ ಎಂದರೆ ಬರೀ ಬುದ್ಧಿ ಎಂದುಕೊಂಡವರು ಈ ಕಥೆ ಓದಬೇಕು. ಬಯಲಿಗಿಳಿದ ಯಂತ್ರವನ್ನು ಹೆಚ್ಚಾಗಿ ಕೆಡಿಸುವುದು ಧೂಳು, ಕುಲುಕಾಟ, ಬಿಸಿಲು, ಸಡಿಲವಾದ ಒಂದು ವೈರು. ಊರಿನ ಮೆಕ್ಯಾನಿಕ್ ಅಣ್ಣಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಮರುಭೂಮಿಯಲ್ಲಾದರೆ ಹಿಂದೆಯೇ ಒಂದು ಜೀಪು ಹೋಗಿ ಕೆಟ್ಟ ಗಾಡಿಯನ್ನು ಎಳೆದು ತರಬಹುದು. ಮಂಗಳ ಗ್ರಹಕ್ಕೆ ಯಾರು ಹೋಗುತ್ತಾರೆ? ಚಂದ್ರನಿಗೆ ನಮ್ಮ ಸಂದೇಶ ಒಂದೂಕಾಲು ಸೆಕೆಂಡಿನಲ್ಲಿ ತಲುಪುತ್ತದೆ, ಆದ್ದರಿಂದಲೇ ಪ್ರಗ್ಯಾನನ್ನು ಇಲ್ಲಿಂದ ನಡೆಸಲು ಆಯಿತು. ಮಂಗಳಕ್ಕೆ 3ರಿಂದ 22 ನಿಮಿಷ ಬೇಕು. "ಗುಂಡಿ ಇದೆ, ನಿಲ್ಲು" ಎಂಬ ಮಾತು ತಲುಪುವ ಹೊತ್ತಿಗೆ ಗಾಡಿ ಗುಂಡಿಯಲ್ಲಿರುತ್ತದೆ. ಅಲ್ಲಿ ಮುಖ್ತ್ಯಾರ್ ಪತ್ರ ಬರೆದುಕೊಡದೆ ಬೇರೆ ದಾರಿಯಿಲ್ಲ.

2005ರ ಏಪ್ರಿಲ್‌ನಲ್ಲಿ ನಾಸಾದ 'ಆಪರ್ಚುನಿಟಿ' ರೋವರಿಗೆ ಒಂದು ದಿನ 90 ಮೀಟರ್ ಹೋಗು ಎಂದು ಆಜ್ಞೆ ಹೋಯಿತು. ಅದು ಕಣ್ಣಿನಿಂದ ನೋಡದೆ ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ದೂರ ಲೆಕ್ಕ ಹಾಕುತ್ತಿತ್ತು. ಮೊದಲ 40 ಮೀಟರ್ ಸರಿಯಾಗಿ ಹೋಯಿತು. ಆಮೇಲೆ ಮೆತ್ತನೆಯ ಮರಳಿನ ದಿಣ್ಣೆಯಲ್ಲಿ ಹೂತುಕೊಂಡಿತು, ಚಕ್ರಗಳು ಮಾತ್ರ ತಿರುಗುತ್ತಲೇ ಇದ್ದವು. ಇನ್ನೂ 50 ಮೀಟರ್ ಹೋಗಿದ್ದೇನೆ ಎಂದೇ ಅದರ ಲೆಕ್ಕ! ನಿಜವಾಗಿ ಇದ್ದಲ್ಲೇ ಇತ್ತು. ಹೊರತೆಗೆಯಲು ಐದು ವಾರ ಹಿಡಿಯಿತು. ಆ ಮೇಲೆ ಅದಕ್ಕೆ ಹೊಸ ಪಾಠ ಕಲಿಸಿದರು: ಆಗಾಗ ನಿಂತು, ಸುತ್ತಲಿನ ಕಲ್ಲುಗಳ ಚಿತ್ರ ತೆಗೆದು, ಹಿಂದಿನ ಚಿತ್ರದ ಜೊತೆ ಹೋಲಿಸಿ, ನಾನು ನಿಜವಾಗಿ ಮುಂದೆ ಹೋಗಿದ್ದೇನೆಯೇ ಎಂದು ನೋಡಿಕೋ. ಹೋಗಿಲ್ಲದಿದ್ದರೆ ನಿಲ್ಲು, ನಮ್ಮನ್ನು ಕೇಳು. 90 ದಿನದ ಕೆಲಸಕ್ಕೆಂದು ಕಳಿಸಿದ ಆ ಯಂತ್ರ 2018ರ ಧೂಳಿನ ಬಿರುಗಾಳಿಯವರೆಗೆ ಬದುಕಿ 45 ಕಿಲೋಮೀಟರ್ ನಡೆಯಿತು.

ಅದರ ಜೋಡಿ 'ಸ್ಪಿರಿಟ್' ಅಷ್ಟು ಅದೃಷ್ಟವಂತನಲ್ಲ. 2006ರಲ್ಲಿ ಅದರ ಮುಂದಿನ ಬಲ ಚಕ್ರ ನಿಂತುಹೋಯಿತು. ಕಾಲು ಸೋತವರು ಕಾಲೆಳೆದುಕೊಂಡು ನಡೆಯುವಂತೆ ಅದು ಹಿಮ್ಮುಖವಾಗಿ ನಡೆಯತೊಡಗಿತು. 2007ರಲ್ಲಿ ಹೀಗೆ ಎಳೆದ ಚಕ್ರ ನೆಲವನ್ನು ಗೀರಿದಾಗ ಅಡಿಯಿಂದ ಬಿಳಿಯ ಮಣ್ಣು ಮೇಲೆ ಬಂತು. ಪರೀಕ್ಷಿಸಿದರೆ ಬಹುತೇಕ ಶುದ್ಧ ಸಿಲಿಕಾ. ಒಂದು ಕಾಲದಲ್ಲಿ ಅಲ್ಲಿ ಬಿಸಿನೀರೋ ಹಬೆಯೋ ಇತ್ತು ಎನ್ನುವುದಕ್ಕೆ ಸಾಕ್ಷಿ. ಚಕ್ರ ಸರಿಯಿದ್ದಿದ್ದರೆ ಆ ಮಣ್ಣಿನ ಮೇಲೆಯೇ ಹಾದುಹೋಗಿ ನೋಡದೆ ಇರುತ್ತಿತ್ತೋ ಏನೋ. 2009ರಲ್ಲಿ ಮೇಲ್ಪದರ ಗಟ್ಟಿಯಾಗಿ ಕಂಡ ನೆಲ ಒಡೆದು ಒಳಗಿನ ಹುಡಿಮಣ್ಣಿನಲ್ಲಿ ಚಕ್ರಗಳು ಹೂತವು. ಭೂಮಿಯಲ್ಲಿ ಅಂಥದ್ದೇ ಮಣ್ಣು ಬೆರೆಸಿ, ಇನ್ನೊಂದು ರೋವರನ್ನು ಅದರಲ್ಲಿ ಹೂತು, ತಿಂಗಳುಗಟ್ಟಲೆ ಹೊರತರುವ ಉಪಾಯ ಹುಡುಕಿದರು. ಆಗಲಿಲ್ಲ. 2010ರ ಮಾರ್ಚ್ 22ರ ನಂತರ ಅದರಿಂದ ಮಾತಿಲ್ಲ.

ಒಂದು ವಿಷಯ ಮುಚ್ಚಿಡಬಾರದು. ಮರುಭೂಮಿ ಪಂದ್ಯದ ಹಣ ಸೈನ್ಯದ ಹಣ. 2015ರೊಳಗೆ ತಮ್ಮ ಯುದ್ಧ ವಾಹನಗಳಲ್ಲಿ ಮೂರರಲ್ಲಿ ಒಂದು ಭಾಗ ಚಾಲಕನಿಲ್ಲದೆ ನಡೆಯಬೇಕು ಎಂದು ಅಮೆರಿಕದ ಸಂಸತ್ತು ಗುರಿ ಹಾಕಿತ್ತು. ಆ ಗುರಿ ಈಡೇರಲಿಲ್ಲ. ಆ ವಿದ್ಯೆ ಮೊದಲು ರಸ್ತೆಯ ಕಾರಿಗೇ ಬಂತು: 2009ರಲ್ಲಿ ಗೂಗಲ್ ಸಂಸ್ಥೆಯಲ್ಲಿ ಚಾಲಕರಹಿತ ಕಾರಿನ ಕೆಲಸ ಶುರು ಮಾಡಿದ್ದು ಇದೇ ತ್ರುನ್. ಆದರೂ ಬಂಡೆಯೋ ಹುಲ್ಲೋ ಎಂದು ತೀರ್ಮಾನಿಸುವ ಅಧಿಕಾರ ಬೇರೆ, ಎದುರಿಗಿರುವ ಮನುಷ್ಯ ಶತ್ರುವೋ ರೈತನೋ ಎಂದು ತೀರ್ಮಾನಿಸುವ ಅಧಿಕಾರ ಬೇರೆ. ಏನೂ ಇಲ್ಲದ ಬಯಲಿನಲ್ಲಿ ಗೋಡೆ ಕಂಡ ಯಂತ್ರದ ಕಥೆ ಈಗಷ್ಟೇ ಕೇಳಿದ್ದೀರಿ. ಮೊದಲನೆಯ ಮುಖ್ತ್ಯಾರ್ ಪತ್ರಕ್ಕೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ. ಎರಡನೆಯದಕ್ಕೆ ಹಾಕಲಾರೆ. ಇಲ್ಲಿರುವ ಹಿರಿಯರಲ್ಲಿ ಬೇರೆ ಅಭಿಪ್ರಾಯ ಇದ್ದವರು ಚಹಾದ ಹೊತ್ತಿನಲ್ಲಿ ದಯವಿಟ್ಟು ಮಾತಾಡಿಸಿ.

ನಮ್ಮ ಮಕ್ಕಳಿಗೆ ಇದು ದೂರದ ದೇಶದ ಮಾತು ಎನಿಸಬಹುದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲು ಎಂಬ ಬಯಲಿದೆ. ಚಂದ್ರಯಾನ-2ರ ಹೊತ್ತಿನಲ್ಲಿ ಇಸ್ರೋದವರು ಅಲ್ಲಿ ಚಂದ್ರನ ಕುಳಿಗಳಂತೆ ಗುಂಡಿಗಳನ್ನು ತೋಡಿಸಿ, ಇಳಿಯುವ ನೌಕೆಯ ಉಪಕರಣಗಳಿಗೆ ಆ ಗುಂಡಿಗಳು ಕಾಣುತ್ತವೆಯೇ ಎಂದು ವಿಮಾನದಿಂದ ಪರೀಕ್ಷೆ ಮಾಡಿದರು. ಚಂದ್ರನ ಮಣ್ಣನ್ನು ಹೋಲುವ ಕಲ್ಲು ಸಿಕ್ಕಿದ್ದು ತಮಿಳುನಾಡಿನ ಸೀತಂಪೂಂಡಿಯಲ್ಲಿ. ಅದನ್ನು ಪುಡಿಮಾಡಿ ಬೆಂಗಳೂರಿಗೆ ತಂದು ಹಾಸಿ, ಅದರ ಮೇಲೆ ರೋವರ್ ನಡೆಸಿ ನೋಡಿದರು.

ಈ ಭಾಷಣ ಬರೆದು ಮುಗಿಸಿದ ಮೇಲೆ ಅದೇ ಹುಡುಗಿಗೆ ಓದಲು ಕೊಟ್ಟೆ. ಈಗ ಅವಳು ಕಾಲೇಜಿನಲ್ಲಿದ್ದಾಳೆ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಟೀಚರ್, ಮುಂದಿನ ಕಲ್ಲು ಕಾಣುವ ಯಂತ್ರಕ್ಕೆ ತನ್ನ ಹೊಟ್ಟೆಯೊಳಗಿನ ಫಿಲ್ಟರ್ ಕೆಟ್ಟದ್ದು ಯಾಕೆ ಕಾಣಲಿಲ್ಲ?" ಈ ಸಲ ನಾನು ಆತುರಪಟ್ಟು ಉತ್ತರ ಕೊಡಲಿಲ್ಲ. ಇಬ್ಬರೂ ಸೇರಿ ವಿಜ್ಞಾನದ ಮೇಷ್ಟರ ಬಳಿ ಹೋದೆವು.